ಮೊದಲು ಬ್ಲೇಡಿನ ಬೆಲೆ ಕೇಳಿ

ನಮ್ಮ ಸಿಂಧಘಟ್ಟದ ಕಡೆ ಮಂಗಳವಾರ, ಶುಕ್ರವಾರ ಗಡ್ಡಕ್ಕೆ ಕತ್ತಿ ಮುಟ್ಟಿಸದ ಮನೆಗಳು ಇನ್ನೂ ಬೇಕಾದಷ್ಟಿವೆ. ಕೆಲವರಿಗೆ ಶನಿವಾರವೂ ಆಗುವುದಿಲ್ಲ. ಅಮಾವಾಸ್ಯೆ, ಏಕಾದಶಿ, ತಾವು ಹುಟ್ಟಿದ ವಾರ ಬಿಡುವವರಿದ್ದಾರೆ. ಶ್ರಾವಣ ಪೂರ್ತಿ ಬಿಡುವವರೂ ಇದ್ದಾರೆ. ಅಯ್ಯಪ್ಪನ ಮಾಲೆ ಹಾಕಿದವರು ವ್ರತ ಮುಗಿಯುವ ತನಕ ಗಡ್ಡ ತೆಗೆಯುವುದಿಲ್ಲ, ಹೆಂಡತಿ ಬಸುರಿಯಾದರೆ ಹೆರಿಗೆಯವರೆಗೆ ಬಿಡುವುದೂ ಉಂಟು. ಇಷ್ಟನ್ನೂ ಕಳೆದು ಗಡ್ಡ ತೆಗೆಯುವುದು ಭಾನುವಾರ, ಆಮೇಲೆ ಬುಧವಾರವೋ ಗುರುವಾರವೋ. ಗದ್ದೆ ಕೆಲಸದವನಿಗೆ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಲ್ಲುವ ಜರೂರೂ ಇಲ್ಲ. ಹೀಗಾಗಿ ನಮ್ಮಲ್ಲಿ ಬಹುಪಾಲು ಗಂಡಸರದು ವಾರಕ್ಕೆ ಎರಡು ಸಲದ ಗಡ್ಡ. ರೇಜರಿನ ಖರ್ಚಿನ ಮಾತು ಶುರುವಾಗಬೇಕಾದ್ದು ಇಲ್ಲಿಂದ. ಅಂಗಡಿಯಲ್ಲಿ ತೂಗುಹಾಕಿದ ಥಳಥಳ ಪ್ಯಾಕೆಟ್ಟಿನಿಂದ ಶುರು ಮಾಡಿದರೆ ಲೆಕ್ಕ ತಪ್ಪುತ್ತದೆ.

ಮೈಸೂರಿನಲ್ಲಿ ಕೆಲಸಕ್ಕಿದ್ದಾಗ ನಾನು ದಿನಾ ಶೇವ್ ಮಾಡುತ್ತಿದ್ದೆ. ಮೂರು ಬ್ಲೇಡಿನ ರೇಜರ್ ಆಗ ಚೆನ್ನಾಗಿಯೇ ಓಡುತ್ತಿತ್ತು. ಊರಿಗೆ ಬಂದು ವ್ಯವಸಾಯಕ್ಕೆ ನಿಂತ ಮೇಲೆ ಅದೇ ರೇಜರ್ ನಾಲ್ಕು ದಿನದ ಗಡ್ಡದಲ್ಲಿ ಸಿಕ್ಕಿಕೊಳ್ಳತೊಡಗಿತು. ಒತ್ತೊತ್ತಾಗಿ ಜೋಡಿಸಿದ ಬ್ಲೇಡುಗಳ ಸಂದಿಗೆ ಉದ್ದ ಕೂದಲು, ಸೋಪಿನ ನೊರೆ ಎರಡೂ ಸೇರಿ ಗಟ್ಟಿಯಾಗುತ್ತಿತ್ತು. ನಲ್ಲಿ ಜೋರಾಗಿ ಬಿಟ್ಟು ಹಿಡಿದರೆ ಬಿಡುತ್ತದೆ. ಚೊಂಬಿನ ನೀರಿನಲ್ಲಿ ಅದ್ದಿ ಅಲ್ಲಾಡಿಸಿದರೆ ಬಿಡುವುದಿಲ್ಲ. ಬ್ಲೇಡು ಮೊಂಡಾಗಿದೆ ಎಂದು ನಾವು ಎಸೆಯುವ ಎಷ್ಟೋ ಕಾರ್ಟ್ರಿಜ್‌ಗಳು ನಿಜಕ್ಕೂ ಕಟ್ಟಿಕೊಂಡಿರುತ್ತವೆ, ಅಷ್ಟೆ.

ಈ ತೊಂದರೆ ಜಿಲೆಟ್ ಕಂಪನಿಗೂ ದುಬಾರಿಯಾಗಿಯೇ ಅರ್ಥವಾಗಿದ್ದು. ಭಾರತಕ್ಕೆಂದು ಮಾಡಿದ ವೆಕ್ಟರ್ ಎಂಬ ರೇಜರನ್ನು ಅವರು ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಕೈಗೆ ಕೊಟ್ಟು ಪರೀಕ್ಷಿಸಿದರು. ಆ ಹುಡುಗರ ಹಾಸ್ಟೆಲಿನಲ್ಲಿ ನಲ್ಲಿಯಿತ್ತು, ಬಿಸಿನೀರಿತ್ತು. ಎಲ್ಲರೂ ಚೆನ್ನಾಗಿದೆ ಎಂದರು. ಇಲ್ಲಿಗೆ ಬಂದರೆ ನೆಲದ ಮೇಲೆ ಕೂತು, ಒಂದು ಲೋಟ ನೀರಿಟ್ಟುಕೊಂಡು, ಹಲವು ದಿನದ ಗಡ್ಡ ತೆಗೆಯುವ ಮನುಷ್ಯ! ಅವನ ಕೈಯಲ್ಲಿ ರೇಜರ್ ಕಟ್ಟಿಕೊಂಡಿತು. ಆಮೇಲೆ ಎಂಜಿನಿಯರುಗಳು ಇಲ್ಲಿನ ಮನೆಮನೆಗೆ ಬಂದು ಕೂತು ನೋಡಿದರು. 2010ರ ಅಕ್ಟೋಬರಿನಲ್ಲಿ ಜಿಲೆಟ್ ಗಾರ್ಡ್ ಬಂತು: ಒಂದೇ ಬ್ಲೇಡು, ಸುಲಭವಾಗಿ ತೊಳೆಯುವ ಹಾಗೆ ಅಗಲವಾದ ಸಂದಿ, ಒಟ್ಟು ನಾಲ್ಕೇ ಬಿಡಿಭಾಗ. ಅವರದೇ ಮೂರು ಬ್ಲೇಡಿನ ಮ್ಯಾಕ್ ತ್ರೀಯಲ್ಲಿ ಇಪ್ಪತ್ತೈದು ಭಾಗಗಳಿವೆ. ಆಗ ಗಾರ್ಡ್‌ಗೆ ಹಿಡಿ ಸಮೇತ ಬೆಲೆ 15 ರೂಪಾಯಿ, ಬದಲಿ ಬ್ಲೇಡಿಗೆ 5 ರೂಪಾಯಿ ಇತ್ತು. ಹಳ್ಳಿಯವನ ಬಚ್ಚಲನ್ನು ನೋಡಿ ಮಾಡಿದ ವಸ್ತು ಅಗ್ಗವೂ ಆಯಿತು, ಕೆಲಸಕ್ಕೂ ಬಂತು. ನಮ್ಮ ಬಳಕೆ ಹೇಗಿದೆ ಎಂದು ಕಂಪನಿಯೇ ಇಷ್ಟು ಕಷ್ಟಪಟ್ಟು ತಿಳಿದುಕೊಳ್ಳುವಾಗ ನಾವು ಕೊಳ್ಳುವ ಮೊದಲು ಒಂದು ನಿಮಿಷ ಯೋಚಿಸಬಾರದೆ?

ಈಗ ಲೆಕ್ಕ. ಬೆಲೆಗಳು ನಾನು ಊರಲ್ಲೂ ಕೆ.ಆರ್. ಪೇಟೆಯಲ್ಲೂ ಕೊಡುವವು, ನಿಮ್ಮ ಅಂಗಡಿಯಲ್ಲಿ ಒಂದೆರಡು ರೂಪಾಯಿ ಆಚೀಚೆ ಇರಬಹುದು. ವಾರಕ್ಕೆ ಎರಡು ಸಲ ಎಂದರೆ ವರ್ಷಕ್ಕೆ 104 ಶೇವ್. ಎರಡು ಕಡೆ ಅಲಗಿರುವ ಹಳೇ ಮಾದರಿ ಬ್ಲೇಡು, ಅಂದರೆ ಟೋಪಾಜ್, ಸೂಪರ್‌ಮ್ಯಾಕ್ಸ್, ಸೆವೆನ್ ಓ ಕ್ಲಾಕ್ ಥರದ್ದು, ಒಂದಕ್ಕೆ 3 ರೂಪಾಯಿ ಹಿಡಿಯೋಣ. ನಾಲ್ಕು ಶೇವ್ ಬಂದರೆ ಸಲಕ್ಕೆ 75 ಪೈಸೆ, ವರ್ಷಕ್ಕೆ 78 ರೂಪಾಯಿ. ಬಳಸಿ ಎಸೆಯುವ ಪ್ಲಾಸ್ಟಿಕ್ ರೇಜರ್ 20 ರೂಪಾಯಿ, ಅದೂ ನಾಲ್ಕು ಸಲ ಬಂದರೆ ವರ್ಷಕ್ಕೆ 520. ಮೂರು ಬ್ಲೇಡಿನ ಕಾರ್ಟ್ರಿಜ್ 130 ರೂಪಾಯಿ, ಉದಾರವಾಗಿ ಹನ್ನೆರಡು ಶೇವ್ ಬರುತ್ತದೆ ಎಂದುಕೊಂಡರೂ ವರ್ಷಕ್ಕೆ 1,127. ಕಟಿಂಗ್ ಶಾಪಿಗೆ ಹೋಗಿ ಸಲಕ್ಕೆ 50 ರೂಪಾಯಿ ಕೊಟ್ಟರೆ 5,200.

ಹಳೇ ಮಾದರಿ ರೇಜರಿನ ಹಿಡಿಗೆ ಮುನ್ನೂರು ರೂಪಾಯಿಯ ಆಸುಪಾಸು ಕೊಡಬೇಕು. ಅದನ್ನು ಕೇಳಿದ ಕೂಡಲೇ ಜನ ಹಿಂದೆ ಸರಿದು, ಹಿಡಿ ಜೊತೆ ಒಂದು ಬ್ಲೇಡು ಉಚಿತ ಎಂಬ ಪ್ಯಾಕೆಟ್ ಎತ್ತಿಕೊಳ್ಳುತ್ತಾರೆ. ಹಿಡಿ ಕೈಗೆ ಬಂದ ಮೇಲೆ ಅದಕ್ಕೆ ಕೂರುವ ಕಾರ್ಟ್ರಿಜ್ ಆ ಕಂಪನಿಯದೇ ಆಗಬೇಕು, ಬೆಲೆಯೂ ಅವರು ಹೇಳಿದ್ದೇ. ಎರಡಲಗಿನ ಬ್ಲೇಡು ಹಾಗಲ್ಲ. ಯಾವ ಕಂಪನಿಯದಾದರೂ ಯಾವ ಹಿಡಿಗಾದರೂ ಕೂರುತ್ತದೆ. ಒಂದು ದುಬಾರಿಯಾದರೆ ಇನ್ನೊಂದು ಕೊಳ್ಳುತ್ತೀರಿ. ಅದು ಅಗ್ಗವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ರೇಜರನ್ನು ಬಿಟ್ಟಿ ಕೊಟ್ಟು ಬ್ಲೇಡಿನಲ್ಲಿ ಲಾಭ ಮಾಡುವ ಉಪಾಯವನ್ನು ಜಿಲೆಟ್ ಕಂಪನಿ ಕಟ್ಟಿದ ಕಿಂಗ್ ಕ್ಯಾಂಪ್ ಜಿಲೆಟ್ ಮೊದಲ ದಿನದಿಂದಲೇ ಹೂಡಿದ ಎಂದು ವ್ಯಾಪಾರದ ಪುಸ್ತಕಗಳು ಬರೆಯುತ್ತವೆ. ಷಿಕಾಗೊ ವಿಶ್ವವಿದ್ಯಾಲಯದ ರ‍್ಯಾಂಡಲ್ ಪಿಕರ್ 2010ರಲ್ಲಿ ಹಳೇ ದಾಖಲೆ ತೆಗೆದು ನೋಡಿದರೆ ಸಂಗತಿ ಬೇರೆಯೇ ಇತ್ತು. 1903ರಲ್ಲಿ ಮಾರಾಟಕ್ಕಿಳಿದ ಜಿಲೆಟ್ ರೇಜರಿನ ಬೆಲೆ 5 ಡಾಲರ್, ಆ ಕಾಲದ ಕೂಲಿಕಾರನಿಗೆ ದೊಡ್ಡ ಮೊತ್ತ. ಪೇಟೆಂಟ್ ಇದ್ದಷ್ಟು ಕಾಲ ಕಂಪನಿ ಹಿಡಿಯನ್ನೂ ದುಬಾರಿಯಾಗಿಯೇ ಮಾರಿತು. 1921ರಲ್ಲಿ ಪೇಟೆಂಟ್ ಮುಗಿದು ಬೇರೆಯವರೂ ಅದೇ ಥರದ ರೇಜರ್ ಮಾಡಬಹುದಾದ ಮೇಲೆ ಹಳೇ ಮಾದರಿಯ ಬೆಲೆ 1 ಡಾಲರಿಗೆ ಇಳಿಯಿತು. ಬೆಲೆ ಇಳಿಸುವುದು ಪೈಪೋಟಿ. ಎಲ್ಲಿ ಒಬ್ಬನೇ ಮಾರುವವನೋ ಅಲ್ಲಿ ಇಳಿಯುವುದಿಲ್ಲ.

ಬದಲಿ ಬ್ಲೇಡಿನ ಈ ಲೆಕ್ಕವನ್ನು ರೇಜರಿನ ಆಚೆಗೂ ನೋಡಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಹಾಗಾಗಿ ಮನೆಮನೆಗೂ ನೀರು ಶುದ್ಧ ಮಾಡುವ ಯಂತ್ರ ಬಂದಿದೆ. ಕೊಳ್ಳುವಾಗ ಎಲ್ಲರೂ ಯಂತ್ರದ ಬೆಲೆ ಚೌಕಾಸಿ ಮಾಡುತ್ತಾರೆ. ವರ್ಷಕ್ಕೆ ಎಷ್ಟು ಫಿಲ್ಟರ್ ಬದಲಿಸಬೇಕು, ಒಂದೊಂದಕ್ಕೆ ಎಷ್ಟು ಎಂದು ಕೇಳುವವರು ಕಡಿಮೆ. ಹಾಲು ಕರೆಯುವ ಯಂತ್ರದ ರಬ್ಬರ್ ಲೈನರ್, ಪ್ರಿಂಟರಿನ ಇಂಕು, ಎಲ್ಲಕ್ಕೂ ಇದೇ ಮಾತು. ಅಂಗಡಿಯವನ ಎದುರು ನಿಂತಾಗ ಮೊದಲು ಕೇಳಬೇಕಾದ್ದು ಬದಲಿ ಸಾಮಾನಿನ ಬೆಲೆ, ಅದು ಬೇರೆ ಕಂಪನಿಯದೂ ಸಿಗುತ್ತದೆಯೇ ಎಂಬುದು. ಯಂತ್ರದ ಬೆಲೆ ಆಮೇಲೆ.

ಗಡ್ಡದಲ್ಲಿ ಉಳಿಯುವುದು ಸಾವಿರ ರೂಪಾಯಿ ತಾನೇ ಎನ್ನುವವರಿಗೆ ಒಂದು ವಿಷಯ ಹೇಳುತ್ತೇನೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಅಪಘಾತ ವಿಮೆಗೆ ವರ್ಷಕ್ಕೆ 20 ರೂಪಾಯಿ, ಜೀವನ್ ಜ್ಯೋತಿ ವಿಮೆಗೆ 436 ರೂಪಾಯಿ. ಎರಡರಲ್ಲೂ ಮನೆಯವರಿಗೆ ಬರುವುದು ತಲಾ 2 ಲಕ್ಷ. ಜೀವನ್ ಜ್ಯೋತಿಗೆ 18ರಿಂದ 50 ವರ್ಷದೊಳಗೆ ಸೇರಬೇಕು, ಸುರಕ್ಷಾಕ್ಕೆ 70ರವರೆಗೂ ಅವಕಾಶವಿದೆ. ಎರಡೂ ಸೇರಿ 456. ಕಾರ್ಟ್ರಿಜ್ ಬಿಟ್ಟು ಎರಡಲಗಿನ ಬ್ಲೇಡಿಗೆ ಬಂದವನಿಗೆ ಇದನ್ನು ಕಟ್ಟಿ ಇನ್ನೂ ಆರುನೂರರಷ್ಟು ಉಳಿಯುತ್ತದೆ. ಅಪ್ಪ, ಇಬ್ಬರು ಮಕ್ಕಳು ಇರುವ ಮನೆಯಲ್ಲಿ ಇದರ ಮೂರರಷ್ಟು. ಪ್ರತಿ ಜೂನ್ 1ಕ್ಕೆ ಹೊಸ ವರ್ಷ ಶುರು. ಅದಕ್ಕೆ ಮುಂಚೆ ಖಾತೆಯಲ್ಲಿ ದುಡ್ಡಿರುವ ಹಾಗೆ ನೋಡಿಕೊಳ್ಳಿ. ಖಾಲಿ ಖಾತೆಯಿಂದಾಗಿ ವಿಮೆ ನಿಂತುಹೋದ ಮನೆಗಳನ್ನು ಕಂಡು ನನಗೆ ಸಂಕಟವಾಗಿದೆ.

ಮತ್ತೆ ಗಡ್ಡಕ್ಕೆ ಬರೋಣ. ಬ್ಲೇಡು ಬಾಳಿಕೆ ಬರುವುದು ಗಡ್ಡವನ್ನು ಎಷ್ಟು ನೆನೆಸುತ್ತೀರಿ ಎಂಬುದರ ಮೇಲೆ. ಕೂದಲು ಉಕ್ಕಿಗಿಂತ ಐವತ್ತು ಪಟ್ಟು ಮೆತ್ತಗಿದ್ದರೂ ಬ್ಲೇಡನ್ನು ಹಾಳು ಮಾಡುವುದು ಹೇಗೆ ಎಂದು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರು. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಅಲಗಿನ ಉಕ್ಕು ಒಂದೇ ಸಮನಾಗಿಲ್ಲದ ಕಡೆ ಚೂರು ಕಿತ್ತುಬರುತ್ತದೆ ಎಂದು ಕಂಡಿತು. ನೆಂದ ಕೂದಲು ಸಲೀಸಾಗಿ ತುಂಡಾಗುತ್ತದೆ. ಸ್ನಾನದ ನಂತರ ಶೇವ್ ಮಾಡಿ ಎಂದು ಪೇಟೆಯವರು ಹೇಳುತ್ತಾರೆ. ನಮ್ಮಲ್ಲಿ ಅದಾಗುವುದಿಲ್ಲ, ಕ್ಷೌರವಾದ ಮೇಲೆ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಅದಕ್ಕೆ ನಾನು ಮಾಡುವುದು ಇಷ್ಟು: ಬಚ್ಚಲೊಲೆ ಹಂಡೆಯಿಂದ ಒಂದು ಚೊಂಬು ಬಿಸಿನೀರು, ಅದರಲ್ಲಿ ಅದ್ದಿ ಹಿಂಡಿದ ಟವೆಲ್ಲು ಎರಡು ಮೂರು ನಿಮಿಷ ಕೆನ್ನೆ ಮೇಲೆ. ಆಮೇಲೆ ಬ್ರಶ್ಶಿನಿಂದ ನೊರೆ. ಬೋರ್‌ವೆಲ್ ನೀರಲ್ಲಿ ಸೋಪು ನೊರೆ ಕಟ್ಟುವುದಿಲ್ಲ, ಎಷ್ಟು ಕ್ರೀಮ್ ಹಚ್ಚಿದರೂ ಕರಗಿಹೋಗುತ್ತದೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟುಕೊಂಡರೆ ಕಡಲೆಕಾಳಷ್ಟು ಕ್ರೀಮ್ ಸಾಕು. ಕೂದಲು ಮಲಗಿದ ದಿಕ್ಕಿಗೇ ಎಳೆಯಿರಿ, ಒತ್ತಬೇಡಿ, ಹಿಡಿಯ ಭಾರವೇ ಸಾಕು. ಮುಗಿದ ಮೇಲೆ ಬ್ಲೇಡು ಒದರಿ ಒಣಗಿಸಿ. ಗಾಯವಾದರೆ ಪಟಿಕದ ಕಲ್ಲು ಒದ್ದೆ ಮಾಡಿ ಉಜ್ಜಿ. ಸಂತೆಯಲ್ಲಿ ಹತ್ತು ಇಪ್ಪತ್ತು ರೂಪಾಯಿಗೆ ಸಿಗುವ ಒಂದು ಗಟ್ಟಿ ವರ್ಷಗಟ್ಟಲೆ ಬರುತ್ತದೆ, ಆಫ್ಟರ್‌ಶೇವ್ ಬಾಟಲಿಯ ಅಗತ್ಯವಿಲ್ಲ.

ಕೈ ನಡುಗುವ ಹಿರಿಯರಿಗೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಬೇಡ. ಅವರಿಗೆ ಗಾರ್ಡ್ ಥರದ್ದು ಕೊಡಿಸಿ, ಇಲ್ಲವೇ ಕಟಿಂಗ್ ಶಾಪಿಗೆ ಕರೆದುಕೊಂಡು ಹೋಗಿ.

ಕಟಿಂಗ್ ಶಾಪಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ 5,200 ಎಂದು ಬರೆದು ಸುಮ್ಮನಾದರೆ ಅನ್ಯಾಯವಾಗುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಕ್ಷೌರಕ್ಕೆ ಕಾಸು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು. ಕಣದಲ್ಲಿ ರಾಶಿಯಾದಾಗ ಅಗಸ, ಕಮ್ಮಾರ, ಬಡಗಿ, ಕ್ಷೌರಿಕರಿಗೆ ಇಂತಿಷ್ಟು ಭತ್ತ, ರಾಗಿ ಎಂದು ಅಳೆದು ಕೊಡುತ್ತಿದ್ದರು, ಅದರಲ್ಲಿ ಮನೆಯವರೆಲ್ಲರ ವರ್ಷದ ಕ್ಷೌರ ಸೇರಿರುತ್ತಿತ್ತು. ಮಳೆ ಕೈಕೊಟ್ಟ ವರ್ಷ ರಾಶಿ ಸಣ್ಣದಾದರೆ ಅವರ ಪಾಲೂ ಸಣ್ಣದಾಗುತ್ತಿತ್ತು, ಕೆಲಸ ಮಾತ್ರ ಅಷ್ಟೇ ಇರುತ್ತಿತ್ತು. ಆ ಪದ್ಧತಿಯನ್ನು ಹೊಗಳುವವರು ಇನ್ನೊಂದನ್ನೂ ನೆನೆಯಬೇಕು: ದಲಿತರ ಮನೆಗೆ ಆ ಸೇವೆ ಇರಲಿಲ್ಲ. ಅಂಗಡಿಗೆ ಬಂದು ಕಾಸು ಕೊಡುವವನನ್ನು ಜಾತಿ ಕಾರಣಕ್ಕೆ ಹೊರಗೆ ನಿಲ್ಲಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾಸಿನ ವ್ಯವಹಾರ ಬಂದದ್ದು ಎರಡೂ ಕಡೆಗೆ ಒಳ್ಳೆಯದೇ ಆಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಕಾಸಿನ ಅಂಗಡಿಗೆ ಅದರದೇ ಕಷ್ಟವಿದೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ ಕ್ಷೌರಿಕರಿಗೆ, ನಮ್ಮ ತಾಲ್ಲೂಕಿನ ಬೂಕನಕೆರೆಯಲ್ಲೇ ಹುಟ್ಟಿದ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಮೇ 6ರಂದು ತಲಾ 5,000 ರೂಪಾಯಿ ಘೋಷಿಸಿದರು. ರಾಜ್ಯದಲ್ಲಿ ಅಂಥವರು ಸುಮಾರು 2,30,000 ಮಂದಿ ಎಂಬ ಅಂದಾಜು ಅವತ್ತೇ ಕೇಳಿಬಂದಿತು. ಬಾಡಿಗೆ, ಕರೆಂಟು, ಮನೆ ಖರ್ಚು ಎಲ್ಲ ಇರುವವರಿಗೆ ಒಂದು ಸಲದ ಐದು ಸಾವಿರ ಎಷ್ಟು ದಿನಕ್ಕೆ? ಜನ ಮನೆಯಲ್ಲೇ ಗಡ್ಡ ತೆಗೆಯುವುದನ್ನು ರೂಢಿ ಮಾಡಿಕೊಂಡದ್ದೂ ಆಗಲೇ.

ಹಿಂದೆ ಒಂದೇ ಕತ್ತಿಯನ್ನು ತೊಗಲಿನ ಪಟ್ಟಿ ಮೇಲೆ ಮಸೆದು ಎಲ್ಲರಿಗೂ ಬಳಸುತ್ತಿದ್ದರು. ಎಚ್‌ಐವಿ, ಹೆಪಟೈಟಿಸ್ ಬಗ್ಗೆ ತಿಳಿವಳಿಕೆ ಬಂದ ಮೇಲೆ ಎರಡಲಗಿನ ಬ್ಲೇಡನ್ನು ಮಧ್ಯಕ್ಕೆ ಮುರಿದು ಅರ್ಧವನ್ನು ಕತ್ತಿಗೆ ಸಿಕ್ಕಿಸುತ್ತಾರೆ, ಗಿರಾಕಿಗೊಂದು ಹೊಸ ಅರ್ಧ. 50 ರೂಪಾಯಿಯಲ್ಲಿ ಬ್ಲೇಡಿನ ಖರ್ಚು ಒಂದೂವರೆ ರೂಪಾಯಿ. ಉಳಿದದ್ದು ಬಾಡಿಗೆಗೆ, ಕೈಚಳಕಕ್ಕೆ. ನಾನು ಮಾವ ಎಂದು ಕರೆಯುವ ನಮ್ಮ ಕ್ಷೌರಿಕರನ್ನು, ಮನೆಯಲ್ಲೇ ಗಡ್ಡ ತೆಗೆಯಿರಿ ಅಂತ ಬರೀಲಾ ಎಂದು ಕೇಳಿದೆ. “ಬರ‍್ಕೊ ಕಣಪ್ಪ, ಗಡ್ಡದಲ್ಲಿ ಏನೈತೆ. ತಿಂಗ್ಳಿಗೊಂದ್ ಕಟಿಂಗ್‌ಗೆ ಮಾತ್ರ ತಪ್ಪದಂಗೆ ಬನ್ನಿ ಅನ್ನು, ಬಾಡಿಗೆ ಹುಟ್ಟೋದು ಅದ್ರಲ್ಲೆ” ಎಂದರು. ನನ್ನ ಮನೆಯ ಲೆಕ್ಕದಲ್ಲಿ ಅದು ಹಾಗೇ ಇದೆ: ವಾರದ ಗಡ್ಡ ಮನೆಯಲ್ಲಿ, ತಿಂಗಳ ಕಟಿಂಗು, ಹಬ್ಬ ಮದುವೆಯ ಶೇವ್ ಅವರಲ್ಲಿ. ಹೊಸ ಬ್ಲೇಡು ಹಾಕಿದ್ದನ್ನು ಕಣ್ಣಾರೆ ನೋಡಿ, ಚಿಲ್ಲರೆಗೆ ಚೌಕಾಸಿ ಮಾಡಬೇಡಿ.

ತೆರಿಗೆ ವಿಷಯ ಚಿಕ್ಕದು. 2025ರ ಸೆಪ್ಟೆಂಬರ್ 22ರಿಂದ ಶೇವಿಂಗ್ ಕ್ರೀಮ್, ಲೋಷನ್ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಆಗ 118 ರೂಪಾಯಿ ಇದ್ದ ಟ್ಯೂಬು ಈ ಲೆಕ್ಕಕ್ಕೆ 105 ಆಗಬೇಕು. ಸಲೂನ್ ಸೇವೆಯ ತೆರಿಗೆಯೂ ಅವತ್ತೇ ಶೇ. 5ಕ್ಕೆ ಬಂತು, ಆದರೆ ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿರುವ ಅಂಗಡಿ ಜಿಎಸ್‌ಟಿಗೆ ನೋಂದಾಯಿಸಬೇಕಾಗಿಯೇ ಇಲ್ಲ. ಹಳ್ಳಿಯ ಕುರ್ಚಿಗೆ ಅದರಿಂದ ವ್ಯತ್ಯಾಸವಿಲ್ಲ.

ಇನ್ನು ಹುಡುಗರು ಗಡ್ಡವನ್ನೇ ತೆಗೆಯುತ್ತಿಲ್ಲ. 2018ರ ಕೆಜಿಎಫ್ ಸಿನಿಮಾ ನಂತರ ಅದರ ನಾಯಕ ಯಶ್ ಥರದ ಗಡ್ಡ ಇಲ್ಲದ ಹುಡುಗ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಅಪರೂಪ. ಮುಂದುವರಿದ ದೇಶಗಳಲ್ಲಿ ಗಡ್ಡ ತೆಗೆಯುವುದು ಕಡಿಮೆಯಾದದ್ದೂ ಒಂದು ಕಾರಣವಾಗಿ, 2019ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ತನ್ನ ಜಿಲೆಟ್ ವ್ಯವಹಾರದ ಮೌಲ್ಯವನ್ನು ಸುಮಾರು 800 ಕೋಟಿ ಡಾಲರಿನಷ್ಟು ತಗ್ಗಿಸಿ ತೋರಿಸಬೇಕಾಯಿತು. ಗಡ್ಡ ಬಿಟ್ಟರೆ ಖರ್ಚಿಲ್ಲ ಎಂದುಕೊಳ್ಳಬೇಡಿ, ಟ್ರಿಮ್ಮರು, ಗಡ್ಡದ ಎಣ್ಣೆ, ವಾರವಾರ ಅಂಚು ತೀಡಿಸುವುದು ಕೂಡಿದರೆ ಕಾರ್ಟ್ರಿಜ್ಜಿನ ಲೆಕ್ಕವನ್ನೂ ದಾಟುತ್ತದೆ.

ಕೊನೆಗೆ, ದನ ಕಟ್ಟಿದವರು ಗಮನಿಸಬೇಕಾದ್ದು. ಹಳೇ ಬ್ಲೇಡನ್ನು ಕಾಗದದಲ್ಲಿ ಸುತ್ತಿ ತಿಪ್ಪೆಗೆ ಎಸೆಯುವ ಅಭ್ಯಾಸ ನಮ್ಮಲ್ಲಿದೆ. ತಿಪ್ಪೆಯ ಗೊಬ್ಬರ ಗದ್ದೆಗೆ ಹೋಗುತ್ತದೆ, ಗದ್ದೆಯ ಹುಲ್ಲು ಕೊಟ್ಟಿಗೆಗೆ ಬರುತ್ತದೆ. ಹಸು ಮೇವನ್ನು ಅಗಿಯದೆ ನುಂಗುತ್ತದೆ. ತಂತಿ, ಮೊಳೆ, ಬ್ಲೇಡಿನ ಚೂರು ಹೊಟ್ಟೆಯ ಮುಂಭಾಗದಲ್ಲಿ ನಿಂತು ಚುಚ್ಚಿ, ಕೆಲವೊಮ್ಮೆ ಹೃದಯದ ತನಕ ಹೋಗುತ್ತದೆ. ಹಾಲು ನಿಲ್ಲುತ್ತದೆ, ಬಹಳ ಸಲ ಹಸುವೂ ಉಳಿಯುವುದಿಲ್ಲ. ಮೂರು ರೂಪಾಯಿ ಬ್ಲೇಡಿನಿಂದ ಐವತ್ತು ಅರವತ್ತು ಸಾವಿರದ ಹಸು ಹೋಗಬಾರದು. ಖಾಲಿ ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ, ಬಚ್ಚಲ ಗೋಡೆಯ ಮೇಲೆ ಎತ್ತರದಲ್ಲಿ ಇಡಿ, ಬಳಸಿದ ಬ್ಲೇಡೆಲ್ಲ ಅದರೊಳಗೆ ಹಾಕಿ. ತುಂಬಿದ ಮೇಲೆ ಸೀಳನ್ನು ಬಡಿದು ಮುಚ್ಚಿ ಗುಜರಿಯವರ ಕೈಗೇ ಕೊಡಿ. ಒಳಗೆ ಬ್ಲೇಡಿದೆ ಎಂದು ಬಾಯಿಬಿಟ್ಟು ಹೇಳಿ ಕೊಡಿ.