ಸೌದೆಯ ಒಲೆಯೋ, ಅನಿಲದ ಒಲೆಯೋ?

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಹೊಸ ಮನೆ ಕಟ್ಟಿಸುವವರ ಮುಂದೆ ಒಲೆಯ ಪ್ರಶ್ನೆ ಎರಡು ಸಲ ಏಳುತ್ತದೆ: ಅಡುಗೆಯ ಮನೆಗೆ ಒಮ್ಮೆ, ಬಚ್ಚಲ ಮನೆಗೆ ಇನ್ನೊಮ್ಮೆ. ತೀರ್ಮಾನವನ್ನು ಮಾತ್ರ ಬಹುಮಂದಿ ಒಂದೇ ಸಲಕ್ಕೆ ಮಾಡಿಬಿಡುತ್ತಾರೆ. ಅನಿಲ ಬಂದ ಮೇಲೆ ಎಲ್ಲಕ್ಕೂ ಅದೇ ಆಗಲಿ ಎನ್ನುವವರು ಕೆಲವರು; ತೋಟದಲ್ಲಿ ಗರಿ ಬಿದ್ದಿರುವಾಗ ಹಣ ತೆತ್ತು ಉರಿ ಕೊಳ್ಳುವುದೇಕೆ ಎನ್ನುವವರು ಕೆಲವರು. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಯಾವ ಅರ್ಧವೆಂದು ತಿಳಿಯಬೇಕಾದರೆ ಉರಿ ಎಂದರೇನೆಂಬುದನ್ನು ಮೊದಲು ವಿಚಾರಿಸಬೇಕು.

ಒಲೆಗೆ ಒಂದು ತುಂಡು ಸೌದೆಯನ್ನು ಇಟ್ಟಾಗ ಮೊದಲು ಅದರಲ್ಲಿರುವ ನೀರು ಆವಿಯಾಗುತ್ತದೆ. ಹಸಿ ಸೌದೆಯ ತುದಿಯಲ್ಲಿ ಸುಂಯ್ಗುಟ್ಟುತ್ತ ನೊರೆ ಉಕ್ಕುವುದು ಇದರಿಂದಲೇ. ಬಳಿಕ, ಇನ್ನೂರು ಮುನ್ನೂರು ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾದ ಮರವು ವಿಭಜನೆ ಹೊಂದಿ ದಹನಶೀಲವಾದ ಅನಿಲಗಳನ್ನು ಹೊರಬಿಡುತ್ತದೆ. ಕಣ್ಣಿಗೆ ಕಾಣುವ ಜ್ವಾಲೆ ಈ ಅನಿಲಗಳದು. ಕೊನೆಗೆ ಉಳಿದ ಇದ್ದಲು ಜ್ವಾಲೆಯಿಲ್ಲದೆ ಕೆಂಡವಾಗಿ ಉರಿಯುತ್ತದೆ. ಎಂದ ಮೇಲೆ ಸೌದೆಯ ಒಲೆಯೂ ಒಂದು ಬಗೆಯ ಅನಿಲದ ಒಲೆಯೇ ಸರಿ. ಭೇದವಿಷ್ಟೆ: ಅಲ್ಲಿ ಅನಿಲ ಹುಟ್ಟುವುದೂ ಉರಿಯುವುದೂ ಒಂದೇ ಕಡೆ, ಹದವಿಲ್ಲದೆ. ಗಾಳಿ ಸಾಲದೆಡೆಯಲ್ಲಿ, ಇಲ್ಲವೆ ತಣ್ಣನೆಯ ಪಾತ್ರೆಯ ತಳ ಸೋಕಿದೆಡೆಯಲ್ಲಿ, ಅದರ ಒಂದು ಪಾಲು ಪೂರ್ತಿ ಉರಿಯದೆ ಹೊರಟುಹೋಗುತ್ತದೆ. ಅದೇ ಹೊಗೆ. ಸಿಲಿಂಡರಿನಲ್ಲಿರುವ ಪ್ರೊಪೇನ್ ಮತ್ತು ಬ್ಯುಟೇನುಗಳಾದರೋ ಬರ್ನರಿನ ಬಾಯಿಗೆ ಬರುವ ಮೊದಲೇ ಗಾಳಿಯೊಡನೆ ಬೆರೆತಿರುತ್ತವೆ. ಆದುದರಿಂದಲೇ ಜ್ವಾಲೆ ನೀಲಿ.

ಇನ್ನು ಲೆಕ್ಕ. ಚೆನ್ನಾಗಿ ಒಣಗಿದ ಒಂದು ಕಿಲೋಗ್ರಾಂ ಸೌದೆಯಲ್ಲಿ ಸುಮಾರು ೩,೫೦೦ ಕಿಲೋಕ್ಯಾಲೊರಿ ಉಷ್ಣವಿದೆ. ಅದೇ ತೂಕದ ಅನಿಲದಲ್ಲಿ ೧೦,೯೦೦ರಷ್ಟು. ಆದರೆ ನಿಜವಾದ ಅಂತರವಿರುವುದು ಇಲ್ಲಲ್ಲ, ಪಾತ್ರೆಯನ್ನು ಮುಟ್ಟುವ ಉಷ್ಣದಲ್ಲಿ. ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಅನಿಲದ ಒಲೆಯಲ್ಲಿ ಅರವತ್ತೈದರ ಆಸುಪಾಸು. ೧೪.೨ ಕಿಲೋಗ್ರಾಮಿನ ಒಂದು ಸಿಲಿಂಡರು ಮಾಡುವ ಕೆಲಸಕ್ಕೆ ಮೂರು ಕಲ್ಲಿನ ಒಲೆ ೨೪೦ ಕಿಲೋಗ್ರಾಂ ಸೌದೆಯನ್ನು ನುಂಗುತ್ತದೆ. ಅಷ್ಟನ್ನು ತಲೆಯ ಮೇಲೆ ಹೊತ್ತು ತರುವವರು ಯಾರೆಂಬುದು ವಾಚಕರಿಗೆ ತಿಳಿದೇ ಇದೆ.

ಹೊತ್ತು ತಂದವರೇ ಅದರ ಹೊಗೆಯನ್ನೂ ಕುಡಿಯಬೇಕು. ಮನೆಯೊಳಗಿನ ಒಲೆಗಳ ಹೊಗೆಯಿಂದ ೨೦೨೦ರಲ್ಲಿ ಲೋಕದಲ್ಲಿ ಸುಮಾರು ೩೨ ಲಕ್ಷ ಜನ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದನ್ನು ತಡೆಯಲು ಸೌದೆಯ ಒಲೆಯನ್ನೇ ತಿದ್ದಿದವರೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ ಒಲೆಗೆ ಕೆಳಗೆ ಜಾಲರಿ, ಸೌದೆಯ ಬಾಯಿಗೆ ಮುಚ್ಚಳ, ಹಿಂದೆ ಹೊಗೆಯ ಕೊಳವೆ. ಮೂರು ಪಾತ್ರೆಗಳು ಸಾಲಾಗಿ ಕೂಡುತ್ತವೆ. ಮೊದಲನೆಯದನ್ನು ದಾಟಿದ ಬಿಸಿ ಉಳಿದೆರಡಕ್ಕೆ ಸಲ್ಲುತ್ತದೆ. ಸೌದೆಯ ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಜಾಣತನದ ಒಲೆ, ಸಂದೇಹವಿಲ್ಲ. ಆದರೆ ಕೊಳವೆಯಲ್ಲಿ ಮಸಿ ಕಟ್ಟಿತೆಂದರೆ ಹೊಗೆ ಮತ್ತೆ ಮನೆಯೊಳಗೇ. ಅಡುಗೆಯ ಮನೆಯ ಮಟ್ಟಿಗೆ ಅನಿಲವೇ ಮೇಲೆಂಬುದರಲ್ಲಿ ನಮಗೆ ಎರಡನೆಯ ಮಾತಿಲ್ಲ. ಸೋರಿದ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದಲ್ಲಿ ಹರಡುತ್ತದೆ; ಗೋಡೆಯ ಬುಡದಲ್ಲಿಯೂ ಒಂದು ಗಾಳಿಕಂಡಿ ಇರಬೇಕು. ಅದಕ್ಕೆ ಬೆರೆಸಿರುವ ದುರ್ವಾಸನೆ ಮೂಗಿಗೆ ಬಡಿದರೆ ದೀಪದ ಗುಂಡಿಯನ್ನು ಸಹ ಮುಟ್ಟಬಾರದು.

ಬಚ್ಚಲಿನ ಪ್ರಶ್ನೆ ಬೇರೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತಾದರೂ ಈ ಸೀಮೆಯ ಹಂಡೆಗಳು ಕಾದದ್ದು ತೆಂಗಿನ ಗರಿ, ಮಟ್ಟೆ, ಹಿಪ್ಪುನೇರಳೆಯ ಕಡ್ಡಿಗಳಿಂದ. ಆಲೆಮನೆಗಳಲ್ಲಿ ಇಂದಿಗೂ ಬೆಲ್ಲದ ಕೊಪ್ಪರಿಗೆಯ ಕೆಳಗೆ ಉರಿಯುವುದು ಹಿಂಡಿದ ಕಬ್ಬಿನ ಒಣ ಸಿಪ್ಪೆಯೇ. ಹಂಡೆಯ ನೀರಿಗೆ ಉರಿಯ ಹದ ಬೇಕಿಲ್ಲ; ಕಾಯಲು ಯಾರೂ ಮುಂದೆ ಕುಳಿತಿರಬೇಕಾಗಿಲ್ಲ. ಒಲೆಯ ಬಾಯಿ ಹಿತ್ತಲಿಗೆ ತೆರೆದು, ಹೊಗೆಯ ಕೊಳವೆ ಸೂರನ್ನು ದಾಟಿದ್ದರೆ ಇಲ್ಲಿ ಸೌದೆಗೆ ದೋಷವಿಲ್ಲ.

ಇದಕ್ಕೆ ಬದಲಾಗಿ ಅನಿಲದ ಗೀಸರನ್ನು ಬಚ್ಚಲಿನ ಒಳಗೋಡೆಗೆ ತೂಗುಹಾಕಿದರೆ? ನಿಮಿಷಕ್ಕೆ ೬ ಲೀಟರ್ ನೀರನ್ನು ೨೫ ಡಿಗ್ರಿ ಏರಿಸಲು ಗಂಟೆಗೆ ೯,೦೦೦ ಕಿಲೋಕ್ಯಾಲೊರಿ ಬೇಕು. ನಷ್ಟವನ್ನು ಸೇರಿಸಿದರೆ ಸುಮಾರು ಒಂದು ಕಿಲೋಗ್ರಾಂ ಅನಿಲ. ಅದು ಉರಿಯಲು ೧೨ ಘನ ಮೀಟರಿಗೆ ಕಡಮೆಯಿಲ್ಲದಷ್ಟು ಗಾಳಿ ಬೇಕು. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಬಚ್ಚಲಿನಲ್ಲಿರುವುದು ಏಳೂವರೆ ಘನ ಮೀಟರ್ ಮಾತ್ರ. ಚಳಿಯೆಂದು ಕಿಟಕಿ ಮುಚ್ಚಿ ಕಾಲು ಗಂಟೆ ಮಿಂದರೆ ಮೂರು ಘನ ಮೀಟರ್ ಗಾಳಿಯ ಆಮ್ಲಜನಕ ತೀರಿತು. ಅಷ್ಟರೊಳಗಾಗಿಯೇ ಜ್ವಾಲೆ ಕೆಟ್ಟು ಕಾರ್ಬನ್ ಮಾನಾಕ್ಸೈಡ್ ಹುಟ್ಟತೊಡಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೊಗ್ಲೊಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೀಯುವವರಿಗೆ ತಲೆ ಭಾರವೆನ್ನಿಸುತ್ತದೆ, ಕಾಲು ಸೋಲುತ್ತದೆ. ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯದೆ ಹೋಗಬಹುದು. ಸೌದೆಯ ಹೊಗೆ ಕೆಮ್ಮಿಸಿಯಾದರೂ ಹೊರಗಟ್ಟುತ್ತದೆ, ಇದು ಹಾಗಲ್ಲ. ಗೀಸರು ಬೇಕೇ ಬೇಕೆಂದಿದ್ದರೆ ಅದು ಗೋಡೆಯ ಹೊರಮಗ್ಗುಲಿನಲ್ಲಿರಲಿ, ನೀರಿನ ಕೊಳವೆಯೊಂದೇ ಒಳಗೆ ಬರಲಿ.

ಇದೇ ವಿಷ ಕೆಂಡದಿಂದಲೂ ಹುಟ್ಟುತ್ತದೆ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವ ಮನೆಗಳು ನಮ್ಮಲ್ಲಿ ಉಂಟು. ಹೊಗೆ ಅಡಗಿ ಕೆಂಡ ನಿಗಿನಿಗಿ ಎನ್ನುವಾಗ ಅಪಾಯ ಕಳೆಯಿತೆಂದು ಬಾಗಿಲು ಮುಚ್ಚುತ್ತಾರೆ. ವಾಸ್ತವವಾಗಿ ಎಚ್ಚರ ಬೇಕಾದ ಹೊತ್ತು ಅದೇ. ಕೋಣೆಯನ್ನು ಬೆಚ್ಚಗೆ ಮಾಡಿದ ಬಳಿಕ, ತಾಯಿಯೂ ಮಗುವೂ ನಿದ್ದೆಹೋಗುವ ಮೊದಲು, ಅಗ್ಗಿಷ್ಟಿಕೆಯನ್ನು ಹೊರಗೆ ತಂದಿಡಬೇಕು.