ರೋಗಿಯ ಗುಟ್ಟು ಮತ್ತು ಗಣಕಯಂತ್ರದ ಸೋಂಕು

ದಾದರದಲ್ಲಾಗಲಿ ಡೊಂಬಿವಲಿಯಲ್ಲಾಗಲಿ ನಾವು ರಕ್ತಪರೀಕ್ಷೆ ಮಾಡಿಸಿಕೊಂಡರೆ ನಮ್ಮ ಹೆಸರು, ವಯಸ್ಸು, ಪರೀಕ್ಷೆಯ ಫಲ ಎಲ್ಲವೂ ಅಲ್ಲಿಯ ಗಣಕಯಂತ್ರದಲ್ಲಿ ದಾಖಲಾಗುತ್ತವೆ. ಆ ದಾಖಲೆಗಳನ್ನು ಕಾಯ್ದಿರಿಸಿ, ಕೇಳಿದಾಗ ಒದಗಿಸುವ ತಂತ್ರಾಂಶಕ್ಕೆ ಡೇಟಾಬೇಸ್ ಸರ್ವರ್ ಎಂದು ಹೆಸರು. ಮನುಷ್ಯದೇಹದಂತೆ ಇದಕ್ಕೂ ಹುಟ್ಟಿನಿಂದಲೇ ಬಂದ ದೌರ್ಬಲ್ಯಗಳುಂಟು.

ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ 2000 ಎಂಬುದರಲ್ಲಿ ಹೊರಗಿನ ವಿಚಾರಣೆಗಳಿಗೆ ಉತ್ತರಿಸಲೆಂದು 1434ನೆಯ ದ್ವಾರವೊಂದಿತ್ತು. ಅಲ್ಲಿ ಬಂದ ಹೆಸರಿನ ಉದ್ದವನ್ನು ಅಳೆಯದೆಯೇ ಅದು ತನ್ನ ಸ್ಮೃತಿಯಲ್ಲಿ ಬರೆದುಕೊಳ್ಳುತ್ತಿತ್ತು. ಪಾವಿಗೆ ಸೇರು ಅಕ್ಕಿ ಸುರಿದಂತೆ ಹೆಚ್ಚಾದದ್ದು ಪಕ್ಕಕ್ಕೆ ಚೆಲ್ಲುತ್ತಿತ್ತು. ಯಂತ್ರವು ಮುಂದೆ ಯಾವ ಕೆಲಸ ಮಾಡಬೇಕೆಂಬ ಸೂಚನೆ ಆ ಪಕ್ಕದಲ್ಲೇ ಇದ್ದುದರಿಂದ, ಹೊರಗಿನವನ ಮಾತೇ ಯಂತ್ರಕ್ಕೆ ಆಜ್ಞೆಯಾಗಬಹುದಿತ್ತು.

ಈ ದೋಷಕ್ಕೆ 2002ರ ಜುಲೈಯಲ್ಲೇ ಪರಿಹಾರ ಸಿದ್ಧವಾಗಿ ಉಚಿತವಾಗಿ ದೊರೆಯುತ್ತಿತ್ತು. ಆದರೂ 2003ರ ಜನವರಿ 25, ಶನಿವಾರ, ನಮ್ಮ ಗಡಿಯಾರದಲ್ಲಿ ಬೆಳಗಿನ ಹನ್ನೊಂದರ ಹೊತ್ತಿಗೆ 'ಸ್ಲ್ಯಾಮರ್' ಎಂಬ ಹುಳು ಹೊರಬಿತ್ತು. ಅದರ ಗಾತ್ರ ಕೇವಲ 376 ಬೈಟುಗಳು. ಹತ್ತು ನಿಮಿಷಗಳಲ್ಲಿ ಅದು ಜಗತ್ತಿನ ದುರ್ಬಲ ಯಂತ್ರಗಳಲ್ಲಿ ಶೇಕಡಾ 90ರಷ್ಟನ್ನು ಹಿಡಿದುಬಿಟ್ಟಿತು. ಅಮೆರಿಕದಲ್ಲಿ ಹಣ ಕೊಡುವ ಯಂತ್ರಗಳು ನಿಂತವು. ಒಂದು ತುರ್ತುಕರೆ ಕೇಂದ್ರದವರು ಕಾಗದ ಪೆನ್ಸಿಲು ಹಿಡಿಯಬೇಕಾಯಿತು. ಮದ್ದು ತಯಾರಿಸಿದ ಸಂಸ್ಥೆಯ ಯಂತ್ರಗಳೇ ಕೆಲವು ಸೋಂಕಿಗೆ ತುತ್ತಾದವೆಂದರೆ ಏನೆನ್ನೋಣ! ಬೇರೆ ತಂತ್ರಾಂಶಗಳ ಒಡಲಲ್ಲಿ ಈ ಸರ್ವರಿನ ಕಿರಿಯ ರೂಪವೊಂದು ಅಡಗಿದ್ದುದರಿಂದ, ತಮ್ಮಲ್ಲಿ ಅಂಥದೊಂದು ಇದೆಯೆಂದೇ ಅರಿಯದವರೂ ಅನೇಕರಿದ್ದರು. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ಆ ಹುಳು ದಾಖಲೆಗಳನ್ನು ಕದಿಯಲಿಲ್ಲ, ದಾರಿಗಳನ್ನು ಕಟ್ಟಿತಷ್ಟೆ. ಅದೇ ಕಂಡಿಯಿಂದ ಕಳ್ಳನೂ ನುಗ್ಗಬಹುದಿತ್ತು.

1897ರ ಜನವರಿ 10ರಂದು ಹಾಫ್‌ಕಿನ್ ಅವರು ಪ್ಲೇಗು ಹಬ್ಬಿದ್ದ ಇದೇ ಮುಂಬಯಿಯಲ್ಲಿ ತಮ್ಮ ಹೊಸ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಸೀಸೆಯಲ್ಲಿರುವ ಲಸಿಕೆ ಯಾರನ್ನೂ ಕಾಯದು. ತಂತ್ರಾಂಶದ ಪರಿಹಾರವೂ ಹಾಗೆಯೇ.

ಚಿಕಿತ್ಸಾಲಯ ನಡೆಸುವ ನಮ್ಮ ವೈದ್ಯಬಂಧುಗಳು ಮೊದಲು ತಮ್ಮಲ್ಲಿ ಯಾವ ಸರ್ವರ್ ಇದೆ, ಅದರ ಆವೃತ್ತಿ ಯಾವುದು, ತಯಾರಕರು ಅದಕ್ಕೆ ಇನ್ನೂ ಪರಿಹಾರ ಒದಗಿಸುತ್ತಿರುವರೇ ಎಂದು ಬರೆದಿಡಬೇಕು. ಪರಿಹಾರ ಬಂದೊಡನೆ ದಾಖಲೆಗಳ ಪ್ರತಿ ತೆಗೆದಿಟ್ಟು ಅದನ್ನು ಅಳವಡಿಸಬೇಕು. ಸರ್ವರಿನ ದ್ವಾರ ಅಂತರಜಾಲಕ್ಕೆ ನೇರವಾಗಿ ತೆರೆದಿರಕೂಡದು. ಸ್ಲ್ಯಾಮರ್ ಬಂದಾಗ 1434ನ್ನು ಹೊರಗಿನವರಿಗೆ ಮುಚ್ಚಿದ್ದವರು, ಪರಿಹಾರ ಹಾಕಿರದಿದ್ದರೂ, ಹೊರಗಿನಿಂದ ನೇರವಾಗಿ ಬಂದ ಸೋಂಕಿನಿಂದ ಪಾರಾದರು. ಸ್ವಾಗತಕಾರರಿಗೆ ವರದಿ ಮುದ್ರಿಸುವಷ್ಟು ಅಧಿಕಾರ ಸಾಕು, ಅಳಿಸುವ ಅಧಿಕಾರ ಬೇಡ.

ತಂತ್ರಾಂಶದ ದೋಷವಿಲ್ಲದೆಯೂ ಗುಟ್ಟು ಸೋರುವುದುಂಟು. 2016ರ ಡಿಸೆಂಬರಿನಲ್ಲಿ ಮುಂಬಯಿಯ ಒಂದು ರೋಗನಿದಾನ ಸಂಸ್ಥೆಯ ಹತ್ತಾರು ಸಾವಿರ ವರದಿಗಳು ಯಾವ ಗುಪ್ತಪದವೂ ಇಲ್ಲದೆ ಅಂತರಜಾಲದಲ್ಲಿ ಬಯಲಾಗಿದ್ದವು. ಎಚ್‌ಐವಿ ಪರೀಕ್ಷೆಯ ಫಲಗಳೂ ಅವುಗಳಲ್ಲಿದ್ದವು. ಪರಿಹಾರ ಅಳವಡಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಬಹುದು. ಹೊರಬಿದ್ದ ಎಚ್‌ಐವಿ ವರದಿಯನ್ನು ಚಾಳಿನ ನೆರೆಯವರ ನೆನಪಿನಿಂದ ಅಳಿಸಲು ಬರುವುದಿಲ್ಲ.