ಸಹಿ ಹಾಕುವ ಮುನ್ನ, ತಮ್ಮಾ

ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿದ ಅಗ್ನಿಶಾಮಕನನ್ನು ನೋಡಲು ಬರುವವರೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ: "ಇನ್ನು ಯಾಕಪ್ಪ ಈ ಬೆಂಕಿ ಸಹವಾಸ? ಸ್ವಯಂ ನಿವೃತ್ತಿಗೆ ಬರೆದುಕೊಟ್ಟುಬಿಡು. ಮನೆಯವಳಿಗೆ ಒಂದು ಕೆಲಸ ಕೇಳಿದರಾಯಿತು." ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನ ಬೇಡ. ಆದರೆ ತಮ್ಮಾ, ಆ ಮಾತಿಗೆ ಒಪ್ಪಿ ಅವಸರದಲ್ಲಿ ಅರ್ಜಿಗೆ ಸಹಿ ಹಾಕಬೇಡ.

ಕಾಲು ಹೋದರೆ, ಕಣ್ಣು ಮಂಜಾದರೆ ಸರ್ಕಾರಿ ಕೆಲಸವೂ ಹೋಯಿತು ಎಂದು ನಮ್ಮ ಠಾಣೆಗಳಲ್ಲಿ ಇಂದಿಗೂ ನಂಬುವವರಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ 4ನೇ ಉಪಕಲಮು ಓದಿಸಿಕೋ. ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಏಣಿ ಹತ್ತಲು, ಹೋಸ್ ಹಿಡಿಯಲು ಆಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ, ಅದೇ ಸೇವಾ ಸೌಲಭ್ಯಗಳೊಂದಿಗೆ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಸಿಗದಿದ್ದರೆ, ಸಿಗುವವರೆಗೆ ಇಲ್ಲವೇ ವಯೋನಿವೃತ್ತಿಯಾಗುವವರೆಗೆ ನಿನಗೆಂದೇ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಲು ಅಲ್ಲಿಯೇ ದಾರಿಯಿದೆ. ಗಾಯ ಡ್ಯೂಟಿಯಲ್ಲೇ ಆಗಿರಬೇಕೆಂಬ ಷರತ್ತೂ ಅದರಲ್ಲಿಲ್ಲ. ಸೇವೆಯಲ್ಲಿದ್ದ ಅವಧಿಯಲ್ಲಿ ಆಗಿದ್ದರೆ ಸಾಕು.

"ನಮ್ಮಂಥ ಇಲಾಖೆಗೆ ವಿನಾಯಿತಿ ಇದೆ" ಎಂದು ಯಾರಾದರೂ ಹೇಳಬಹುದು. ಕೆಲಸದ ಸ್ವರೂಪ ನೋಡಿ ಅಧಿಸೂಚನೆ ಹೊರಡಿಸಿ ವಿನಾಯಿತಿ ನೀಡುವ ಅಧಿಕಾರ ಸರ್ಕಾರಕ್ಕಿರುವುದು ನಿಜ. 2021ರಲ್ಲಿ ಕೇಂದ್ರ ಸರ್ಕಾರ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಹೋರಾಟದ ಹುದ್ದೆಗಳಿಗೆ ಹಾಗೆ ಮಾಡಿತು. ಆದರೆ ಬಾಯಿಮಾತಿಗೆ ತಲೆಯಾಡಿಸಬೇಡ. ಅಧಿಸೂಚನೆಯ ಪ್ರತಿ ಕೇಳು.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ನೆನಪಿಟ್ಟುಕೋ. ಎರಡೂ 1995ರ ಹಳೆಯ ಕಾಯ್ದೆಯ 47ನೇ ಕಲಮಿನ ಮೇಲೆ ಬಂದವು. ಅದರ ಸಾರವೇ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ. ಮೊದಲನೆಯದು 2003ರ ಕುನಾಲ್ ಸಿಂಗ್ ಪ್ರಕರಣ. ಕರ್ತವ್ಯದಲ್ಲಿ ಗಾಯಗೊಂಡು ಎಡಗಾಲು ಕಳೆದುಕೊಂಡ ಕಾನ್‌ಸ್ಟೆಬಲ್‌ನನ್ನು ಅಸಮರ್ಥನೆಂದು ಮನೆಗೆ ಕಳಿಸಿದ್ದರು. ಅಶಕ್ತತಾ ಪಿಂಚಣಿ ಸಿಗುತ್ತದೆ ಎಂಬ ಕಾರಣಕ್ಕೆ ಈ ಕಾನೂನಿನ ರಕ್ಷಣೆ ತಪ್ಪುವುದಿಲ್ಲ ಎಂದಿತು ಕೋರ್ಟು.

ಇನ್ನೊಂದು 2008ರ ಭಗವಾನ್ ದಾಸ್ ಪ್ರಕರಣ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಪಂಜಾಬಿನ ವಿದ್ಯುತ್ ಮಂಡಳಿಯಲ್ಲಿ ಸಹಾಯಕ ಲೈನ್‌ಮನ್ ಆಗಿದ್ದ ಆತನಿಗೆ ಸೇವೆಯಲ್ಲಿದ್ದಾಗ ಕಣ್ಣು ಪೂರ್ತಿ ಹೋಯಿತು. ತನಗೇನು ಹಕ್ಕಿದೆ ಎಂದು ತಿಳಿಯದೆ, ನನಗೆ ನಿವೃತ್ತಿ ಕೊಟ್ಟು ಹೆಂಡತಿಗೆ ಕೆಲಸ ಕೊಡಿ ಎಂದು ಪತ್ರ ಬರೆದ. ಮಂಡಳಿ ನಿವೃತ್ತಿ ಮಾತ್ರ ಕೊಟ್ಟಿತು. ಕಾನೂನು ತಿಳಿಯದೆ, ದಿಕ್ಕು ತೋಚದೆ ಬರೆದ ಪತ್ರವನ್ನು ಸ್ವಯಂ ನಿವೃತ್ತಿ ಎನ್ನಲಾಗದು, ಸರಿಯಾದ ಕಾನೂನನ್ನು ತಿಳಿಸಿ ಹೇಳುವುದು ಮೇಲಧಿಕಾರಿಗಳ ಕರ್ತವ್ಯವಾಗಿತ್ತು ಎಂದು ಸುಪ್ರೀಂ ಕೋರ್ಟು ಅವನ ಪರ ನಿಂತಿತು. ಕಣ್ಣಿಲ್ಲದ ಮನುಷ್ಯ ದೆಹಲಿಯವರೆಗೆ ಹೋಗಬೇಕಾಯಿತಲ್ಲ! ಒಂದು ಪತ್ರ ಬರೆಯದೆ ಇದ್ದಿದ್ದರೆ ಆ ಅಲೆದಾಟವೇ ಇರುತ್ತಿರಲಿಲ್ಲ.

ಹಾಗಾದರೆ ಡ್ಯೂಟಿಯಲ್ಲಿ ಆದ ಗಾಯ ಎಂದು ದಾಖಲಾಗುವುದು ಬೇಡವೇ? ಖಂಡಿತ ಬೇಕು. ಕೆಲಸ ಉಳಿಯುವುದು ಒಂದು ವಿಷಯ. ವಿಶೇಷ ರಜೆ, ಅಸಾಧಾರಣ ಪಿಂಚಣಿ ಬೇರೆಯೇ ವಿಷಯ. ಅವಕ್ಕೆ ಗಾಯಕ್ಕೂ ಕರ್ತವ್ಯಕ್ಕೂ ಇರುವ ನಂಟನ್ನು ಕಾಗದವೇ ಹೇಳಬೇಕು. ಇಲ್ಲಿಯೇ ನಮ್ಮ ಹುಡುಗರು ಎಡವುವುದು. ಪೊಲೀಸ್ ಕೇಸಾಗುತ್ತದೆ, ಹೇಳಿಕೆ ಕೊಡಬೇಕಾಗುತ್ತದೆ ಎಂಬ ರಗಳೆಗೆ ಹೆದರಿ, ಆಸ್ಪತ್ರೆಯಲ್ಲಿ "ಮನೇಲಿ ಜಾರಿ ಬಿದ್ದೆ" ಎಂದುಬಿಡುತ್ತಾರೆ. ಆಸ್ಪತ್ರೆ ಚೀಟಿಯ ಆ ಒಂದು ಸಾಲು ಮುಂದೆ ವೈದ್ಯಕೀಯ ಮಂಡಳಿಯ ಮುಂದೆ ನಿನಗೇ ಎದುರುಸಾಕ್ಷಿಯಾಗಿ ನಿಲ್ಲುತ್ತದೆ.

ಅದಕ್ಕೇ ಹೇಳುತ್ತೇನೆ, ಅವತ್ತೇ ಬರೆಸು. ಠಾಣಾ ದಿನಚರಿಯಲ್ಲಿ ಕರೆ ಬಂದ ಹೊತ್ತು, ಸ್ಥಳ, ಹೋದ ವಾಹನದ ಸಂಖ್ಯೆ ಇರಲಿ. "ಕಾರ್ಯಾಚರಣೆ ವೇಳೆ ಪೆಟ್ಟಾಯಿತು" ಎಂದಷ್ಟೇ ಬರೆದರೆ ಸಾಲದು. ಎರಡನೇ ಮಹಡಿಯ ಸಜ್ಜಾದ ಕೆಳಗೆ ಹೋಸಿನ ಬ್ರಾಂಚ್ ಹಿಡಿದು ನಿಂತಿದ್ದಾಗ ಗಾರೆಯ ತುಂಡು ಬಲಭುಜದ ಮೇಲೆ ಬಿತ್ತು, ಪಕ್ಕದಲ್ಲಿ ಇಂಥವರಿದ್ದರು ಎಂಬಷ್ಟು ವಿವರ ಬೇಕು. ವೈದ್ಯರಿಗೂ ಅದನ್ನೇ ಹೇಳು. ಒಂದೊಂದು ಪ್ರತಿ ಮನೆಯಲ್ಲಿಡು.

ಕಣ್ಣಿಗೆ ಕಾಣದ ಗಾಯವನ್ನು ಮರೆಯಬೇಡ. ಬೆಂಕಿ ನಂದಿಸುವ ಕೆಲಸದಲ್ಲಿ ಮೈಗೆ ತಾಗುವ ಹೊಗೆ, ವಿಷಗಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲೇ ಖಚಿತವಾಗಿ ಹೇಳಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಗ್ನಿಶಾಮಕನಿಗೆ ಬಂದ ಹೃದ್ರೋಗ, ಕ್ಯಾನ್ಸರ್‌ಗಳನ್ನು, ಅಲ್ಲವೆಂದು ಸಾಬೀತಾಗುವವರೆಗೆ, ಕೆಲಸದಿಂದ ಬಂದದ್ದೆಂದೇ ಕಾನೂನು ಭಾವಿಸುತ್ತದೆ. ನಮ್ಮಲ್ಲೂ ಅಂಥ ಕಾನೂನು ಬರಲೇಬೇಕು. ಅಲ್ಲಿಯತನಕ ರಾಸಾಯನಿಕ ಗೋದಾಮಿನ ಹೊಗೆ ಕುಡಿದು ಬಂದ ದಿನದ ಕೆಮ್ಮನ್ನೂ ಬರೆಸಿಡು.

ಮತ್ತೆ ದುಡ್ಡಿನ ಮಾತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರನ್ನು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ವ್ಯವಸ್ಥೆಗೆ ಹಾಕಿದರು. ಹಳೆಯ ಪಿಂಚಣಿಯ ನನ್ನಂಥವರು ಹೇಳುವ ಲೆಕ್ಕ ನಿನಗೆ ಹೊಂದದು. ನನಗೆ ಯಾವ ನಿಯಮ, ಎಷ್ಟು ಬರುತ್ತದೆ ಎಂದು ಕಚೇರಿಗೆ ಅರ್ಜಿ ಕೊಟ್ಟು ಉತ್ತರವನ್ನು ಬರಹದಲ್ಲೇ ಪಡೆ.

ನಿಜಕ್ಕೂ ಮೈಯಲ್ಲಿ ಶಕ್ತಿಯಿಲ್ಲ, ಮನೆಯಲ್ಲಿರುವುದೇ ಮೇಲು ಎನ್ನಿಸಿದರೆ ನಿವೃತ್ತಿ ತೆಗೆದುಕೋ, ಅದರಲ್ಲಿ ಅವಮಾನವಿಲ್ಲ. ಆದರೆ ಹೊಲಿಗೆ ಬಿಚ್ಚಿ, ನೋವು ಇಳಿದು, ಮನೆಯಾಕೆಯ ಜೊತೆ ಕೂತು ಲೆಕ್ಕ ಹಾಕಿದ ಮೇಲೆ ತೆಗೆದುಕೋ. ಅದಕ್ಕೂ ಮುಂಚೆ ಯಾರಾದರೂ ಕಾಗದ ತಂದರೆ "ಓದಿ ಹೇಳುತ್ತೇನೆ, ಇಟ್ಟು ಹೋಗಿ" ಅನ್ನು. ಬೇರೆ ಹುದ್ದೆ ಕೊಡಲು ಹಿಂದೇಟು ಹಾಕಿದರೆ ಇಲಾಖೆಯ ಕುಂದುಕೊರತೆ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡು.